ಬೆಳ್ಳಗಾದ ಅಮ್ಮ

ಅಮ್ಮ ತೀರಿಕೊಂಡ ಹನ್ನೊಂದನೆಯ ದಿನ, ಶಿವಗಣಾರಾಧನೆಗೆಂದು ಹಾಕಿದ್ದ ಶಾಮಿಯಾನದ ಕೆಳಗೆ, ಬಂದವರಿಗೆಲ್ಲ ಎದುರಾಗುವಂತೆ ಒಂದು ದೊಡ್ಡ ಫೋಟೋ ಇಟ್ಟಿದ್ದರು. ಮೂರಡಿ ಎತ್ತರ, ಎರಡಡಿ ಅಗಲ. ನಡುವೆ ಅಮ್ಮ, ಪಕ್ಕದಲ್ಲಿ ಅಪ್ಪ, ಸುತ್ತಲೂ ಸಣ್ಣ ಸಣ್ಣ ಚೌಕಗಳಲ್ಲಿ ಮಕ್ಕಳು, ಸೊಸೆ, ಮೊಮ್ಮಕ್ಕಳು, ತೋಟ, ಹಳೇ ಮನೆಯ ಪಡಸಾಲೆ. ಹಿಂದೆ ನೀಲಿ ಮೋಡ, ಮೋಡದ ಸಂದಿಯಿಂದ ಇಳಿದ ಬೆಳಕಿನ ಕೋಲುಗಳು, ಕೆಳಗೆ ಎರಡು ಕಮಲ. ಅದಕ್ಕೆ ಕೊಲಾಜ್ ಎನ್ನುತ್ತಾರಂತೆ. ತಮ್ಮ ನಮ್ಮ ತಿಪಟೂರಿನಲ್ಲೇ ಒಂದು ಸ್ಟುಡಿಯೋದಲ್ಲಿ ಹೇಳಿ, ಎರಡು ದಿನದಲ್ಲಿ ಕಟ್ಟು ಹಾಕಿಸಿ ತಂದಿದ್ದ. ಸಾವಿನ ಮನೆಯ ಓಡಾಟದ ನಡುವೆ ಅಷ್ಟು ಮಾಡಿದ್ದೇ ದೊಡ್ಡದು.

"ಎಷ್ಟು ಕಳೆಯಾಗಿ ಬಂದಿದೆ" ಎಂದು ಬಂದವರೆಲ್ಲ ಹೊಗಳಿದರು. ನಾನೂ ದೂರದಿಂದ ನೋಡಿ ಕಣ್ಣೊರೆಸಿಕೊಂಡೆ. ಜನ ಊಟಕ್ಕೆ ಎದ್ದ ಮೇಲೆ ಹತ್ತಿರ ಹೋದೆ. ಹೋದಾಗಲೇ ಗೊತ್ತಾದದ್ದು, ಅಲ್ಲಿ ನಮ್ಮಮ್ಮ ಇರಲಿಲ್ಲ.

ನಮ್ಮಮ್ಮ ಎಣ್ಣೆಗಪ್ಪು. ಐವತ್ತು ವರ್ಷ ತೆಂಗಿನ ತೋಟದ ಬಿಸಿಲು, ಒಲೆಯ ಹೊಗೆ ಎರಡನ್ನೂ ಉಂಡ ಮುಖ. ಗದ್ದದ ಮೇಲೆ ಒಂದು ಗೀರು. ನಮ್ಮ ಕಡೆ ಕಾಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಇಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ಆಮೇಲೆ ಮಟ್ಟೆ ಸುಲಿದು ಕರಟ ಬಿಡಿಸಬೇಕು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಹಾಗೆ ಬಿಡಿಸುತ್ತಿದ್ದ ಅಮ್ಮನ ಗದ್ದಕ್ಕೆ ಕರಟದ ಚೂರು ಸಿಡಿದು ಬಿದ್ದ ಗಾಯ ಅದು. ಅರಿಶಿನ ಒತ್ತಿಕೊಂಡು ಉಳಿದ ಕೊಬ್ಬರಿಯನ್ನೂ ಬಿಡಿಸಿಯೇ ಎದ್ದಿದ್ದಳು. ಆ ಫೋಟೋದಲ್ಲಿ ಗೀರು ಇರಲಿಲ್ಲ. ಕಣ್ಣಿನ ಕೆಳಗಿನ ಸುಕ್ಕು ಇರಲಿಲ್ಲ. ಕೆನ್ನೆ ಹೊಸದಾಗಿ ಗಾರೆ ಮಾಡಿದ ಗೋಡೆಯಷ್ಟು ನುಣುಪು, ಬಣ್ಣ ಗುಲಾಬಿ ಬೆರೆಸಿದ ಬಿಳುಪು. ಅಮ್ಮ ಒಂದು ದಿನವೂ ತಪ್ಪಿಸದ ವಿಭೂತಿಯನ್ನು ಹುಡುಕಿದೆ. ಮುಖವೇ ಬೆಳ್ಳಗಾದ ಮೇಲೆ ವಿಭೂತಿ ಎಲ್ಲಿಂದ ಕಾಣಬೇಕು? ಬಲಮೂಗಿನ ಮೂಗುಬೊಟ್ಟು ಎಡಮೂಗಿಗೆ ಬಂದಿತ್ತು. ಎಡ ಹೆಗಲ ಸೆರಗು ಬಲ ಹೆಗಲಿಗೆ ಹೋಗಿತ್ತು.

ತಮ್ಮನ ಮಗಳು ಮೂರನೇ ಕ್ಲಾಸು. ಹುಟ್ಟಿದಾಗಿನಿಂದ ಅಜ್ಜಿಯ ಮಗ್ಗುಲಲ್ಲೇ ಮಲಗಿದವಳು. ನನ್ನ ಸೆರಗು ಎಳೆದು ಕೇಳಿದಳು: "ಅತ್ತೆ, ಇದು ಯಾವ ಅಜ್ಜಿ?"

ಅವಳ ಪ್ರಶ್ನೆಗೆ ನಾನು ಆವತ್ತು ಉತ್ತರ ಕೊಡಲಿಲ್ಲ. ವಾರ ಕಳೆದ ಮೇಲೆ, ಶಾಲೆ ಬಿಟ್ಟವಳೇ ನೆಟ್ಟಗೆ ಆ ಸ್ಟುಡಿಯೋಗೆ ಹೋದೆ. ಜಗಳಕ್ಕೇ ಹೋದದ್ದು, ಸುಳ್ಳೇಕೆ ಹೇಳಲಿ. ಹೋದರೆ ಕಂಪ್ಯೂಟರಿನ ಮುಂದೆ ಕೂತಿದ್ದವನು ನನ್ನದೇ ಹಳೆಯ ವಿದ್ಯಾರ್ಥಿ! "ಬನ್ನಿ ಮಿಸ್" ಎಂದು ಎದ್ದು ನಿಂತ. ಮೇಷ್ಟ್ರಾದವರ ಕಷ್ಟ ಇದು. ಊರಿನಲ್ಲಿ ಯಾರ ಮೇಲೆ ರೇಗಲು ಹೋದರೂ ಅವರು ಮೊದಲು ಕುರ್ಚಿ ಎಳೆದು ಕೊಡುತ್ತಾರೆ.

"ಏನಪ್ಪಾ, ನಮ್ಮಮ್ಮನನ್ನು ಏನು ಮಾಡಿಬಿಟ್ಟೆ?" ಎಂದೆ. ಅವನಿಗೆ ಅರ್ಥವಾಗಲಿಲ್ಲ. ಕೆಲಸ ಕೆಟ್ಟಿದೆ ಎಂದು ಯಾರೂ ಹೇಳಿರಲಿಲ್ಲವಲ್ಲ. ಫೈಲು ತೆಗೆದು ತೋರಿಸಿದ. ನನಗೆ ಫೋಟೋಶಾಪಿನ ಒಳಮನೆಯ ಪರಿಚಯವಾದದ್ದು ಆ ಸಂಜೆ.

ಅದರ ಗುಟ್ಟು ಲೇಯರ್, ಅಂದರೆ ಪದರ. ನಾವು ಮಕ್ಕಳಿಗೆ ಭಾರತದ ನಕ್ಷೆ ಬರೆಸುವಾಗ ಬೆಣ್ಣೆ ಕಾಗದ ಇಟ್ಟು ತಿದ್ದಿಸುವುದಿಲ್ಲವೇ, ಹಾಗೆ. ಒಂದು ಹಾಳೆಯಲ್ಲಿ ಗಡಿ, ಇನ್ನೊಂದರಲ್ಲಿ ನದಿ, ಮತ್ತೊಂದರಲ್ಲಿ ರೈಲುಹಾದಿ ಬರೆದು ಒಂದರ ಮೇಲೊಂದು ಇಟ್ಟರೆ ಒಂದೇ ನಕ್ಷೆಯಾಗಿ ಕಾಣುತ್ತದೆ. ಕೊಲಾಜಿನಲ್ಲೂ ಮೋಡದ್ದು ಒಂದು ಪದರ, ಕಮಲದ್ದು ಒಂದು, ಅಪ್ಪನದು ಒಂದು, ಅಮ್ಮನದು ಒಂದು. ಮೋಡ ಕಮಲಗಳೆಲ್ಲ ಟೆಂಪ್ಲೇಟ್ ಎಂಬ ಸಿದ್ಧ ಅಚ್ಚು. ಸತ್ತವರಿಗೆ ಮೋಡ, ಮದುವೆಗೆ ಗುಲಾಬಿ ಮತ್ತು ಹಿಮದ ಬೆಟ್ಟ, ನಾಮಕರಣಕ್ಕೆ ಬಲೂನು. ಮದುವೆ ಆಲ್ಬಮ್ಮಿಗೆ ಹನ್ನೆರಡು ಇಂಚಿಗೆ ಮೂವತ್ತಾರು ಇಂಚಿನ ಹಾಳೆಗಳು ನೂರಾರು ನಮೂನೆಯಲ್ಲಿ ಸಿಗುತ್ತವಂತೆ. ತಲೆ ಅಂಟಿಸುವುದಷ್ಟೇ ಬಾಕಿ. ಅಂಚನ್ನು ಪೆನ್ ಟೂಲಿನಿಂದ ಕತ್ತರಿಸಿ, ಫೆದರ್ ಎಂಬುದರಿಂದ ಸ್ವಲ್ಪ ಮೆದು ಮಾಡಿದರೆ ಅಂಟಿಸಿದ್ದು ಗೊತ್ತಾಗುವುದಿಲ್ಲ. ಅಮ್ಮನ ಗೀರು ತೆಗೆದದ್ದು ಕ್ಲೋನ್ ಸ್ಟಾಂಪ್. ಪಕ್ಕದ ಚರ್ಮವನ್ನೇ ತಂದು ಗೀರಿನ ಮೇಲೆ ತೇಪೆ ಹಾಕುವ ಸಾಧನ ಅದು.

"ಮೂಗುಬೊಟ್ಟು ಯಾಕೆ ಆಕಡೆ ಹೋಯಿತು?" ಎಂದೆ. "ಬೆಳಕು ಮಿಸ್" ಎಂದ. ಅಪ್ಪನ ಮುಖಕ್ಕೆ ಒಂದು ಕಡೆಯಿಂದ ಬೆಳಕು ಬಿದ್ದಿದೆ, ಅಮ್ಮನದಕ್ಕೆ ಇನ್ನೊಂದು ಕಡೆಯಿಂದ. ಪಕ್ಕಪಕ್ಕ ಇಟ್ಟರೆ ಅಂಟಿಸಿದ್ದು ಎದ್ದು ಕಾಣುತ್ತದೆ. ಅದಕ್ಕೆ ಅಮ್ಮನನ್ನು ಕನ್ನಡಿಯಲ್ಲಿ ತಿರುಗಿಸಿದ ಹಾಗೆ ತಿರುಗಿಸಿಬಿಟ್ಟಿದ್ದ. ಹೊಂದಾಣಿಕೆಗೆ ತಿರುಗಬೇಕಾದವಳು ಹೆಂಡತಿಯೇ ಎಂದು ಆ ಹುಡುಗನಿಗೆ ಯಾರೂ ಪಾಠ ಹೇಳಿರಲಿಲ್ಲ. ಹೇಳದೆಯೇ ಬಂದಿತ್ತು.

"ಬಣ್ಣ?"

ಅವನು ನಕ್ಕ. ಪದರಗಳ ಪಟ್ಟಿಯಲ್ಲಿ ಪ್ರತಿಯೊಂದರ ಪಕ್ಕ ಒಂದು ಪುಟ್ಟ ಕಣ್ಣಿನ ಗುರುತಿರುತ್ತದೆ. ಅದನ್ನು ಒತ್ತಿದರೆ ಆ ಪದರ ಮರೆಯಾಗುತ್ತದೆ, ಮತ್ತೆ ಒತ್ತಿದರೆ ಕಾಣುತ್ತದೆ. ಅವನು ಕೆಲಸ ಬಲ್ಲವನು, ತಿದ್ದುವ ಮೊದಲು ಅಮ್ಮನ ಫೋಟೋವಿನ ಇನ್ನೊಂದು ಪ್ರತಿ ಮಾಡಿಕೊಂಡು ಮೇಲಿನದನ್ನು ಮಾತ್ರ ತಿದ್ದಿದ್ದ. ಬೆಳ್ಳನೆಯ ಅಮ್ಮನ ಕಣ್ಣಿನ ಗುರುತನ್ನು ಒತ್ತಿದ. ಆ ಪದರ ಹೋಯಿತು. ಕೆಳಗಿನಿಂದ ನಮ್ಮಮ್ಮ ಬಂದಳು. ಕಪ್ಪು ಮುಖ, ಮೂರು ಬೆರಳ ವಿಭೂತಿ, ಗದ್ದದ ಮೇಲೆ ಗೀರು, ಬಲಮೂಗಿನಲ್ಲಿ ಹರಳು. ಹನ್ನೊಂದು ದಿನ ಅಳದ ಹಾಗೆ ಆ ಸ್ಟುಡಿಯೋದ ಸ್ಟೂಲಿನ ಮೇಲೆ ಕೂತು ಅತ್ತೆ. ಪಾಪ, ಹುಡುಗ ಗಾಬರಿಯಾಗಿ ಟೀ ತರಿಸಿದ.

ಆ ತಂತ್ರಾಂಶದಲ್ಲಿ 'ಹಿಸ್ಟರಿ' ಎಂಬ ಒಂದು ಕಿಟಕಿಯೂ ಇದೆ. ನೀವು ಮಾಡಿದ ಒಂದೊಂದು ತಿದ್ದುಪಡಿಯೂ ಅಲ್ಲಿ ಸಾಲಾಗಿ ದಾಖಲಾಗುತ್ತದೆ, ಬೇಕೆಂದರೆ ಹಿಂದಕ್ಕೆ ಹೋಗಬಹುದು. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ ನನಗೆ ಬಹಳ ಸಂತೋಷವಾಯಿತು. ಆದರೆ ಫೈಲು ಮುಚ್ಚಿದರೆ ಆ ಹಿಸ್ಟರಿ ಅಳಿಸಿಹೋಗುತ್ತದಂತೆ. ನಮ್ಮ ಮನೆಗಳಲ್ಲಿ ಆಗುವುದೂ ಹಾಗೆಯೇ.

ಇನ್ನು ಆ ಹುಡುಗನ ಸಮರ್ಥನೆ. ಅದನ್ನು ಮರೆಮಾಚಿದರೆ ನಾನೂ ಒಂದು ಪದರ ಬಳಿದ ಹಾಗಾಗುತ್ತದೆ. "ಮಿಸ್, ನಾವು ಮೊದಲು ಇದ್ದ ಬಣ್ಣದಲ್ಲೇ ಕೊಡ್ತಿದ್ವಿ. ವಾಪಸ್ ತರೋರು. ಕಪ್ಪಗೆ ಬಂದಿದೆ, ನಿಮಗೆ ಪ್ರಿಂಟ್ ಮಾಡೋಕೆ ಬರಲ್ಲ ಅನ್ನೋರು. ಅದೂ ಹೆಂಗಸರೇ ಜಾಸ್ತಿ ಮಿಸ್. ಈಗ ಯಾರೂ ಹೇಳೋ ಮುಂಚೆ ನಾವೇ ಮಾಡಿಬಿಡ್ತೀವಿ" ಎಂದ. ನನ್ನ ಜಗಳ ಅಲ್ಲಿಗೆ ಅವನ ಕಡೆಯಿಂದ ತಿರುಗಿ ನಮ್ಮ ಕಡೆಗೇ ಬಂತು. ನನ್ನ ಕಡೆಗೆ, ಇದನ್ನು ಓದುತ್ತಿರುವ ನಿಮ್ಮ ಕಡೆಗೆ.

ಹೌದಲ್ಲವೇ? ಮಗಳ ಮದುವೆ ಆಲ್ಬಮ್ ಬಂದಾಗ ನಾವು ಮೊದಲು ನೋಡುವುದು ಏನನ್ನು? ಧಾರೆಯ ಫೋಟೋ ಬಂದಿದೆಯೇ, ಸೋದರಮಾವನನ್ನು ಬಿಟ್ಟಿದ್ದಾರೆಯೇ ಎಂದು ಆಮೇಲೆ ನೋಡುತ್ತೇವೆ. ಮೊದಲು ಹುಡುಗಿ ಬೆಳ್ಳಗೆ ಬಂದಿದ್ದಾಳೋ ಇಲ್ಲವೋ. "ಸ್ವಲ್ಪ ಲೈಟ್ ಮಾಡಿ" ಎಂದು ನಾವೇ ಅಲ್ಲವೇ ಹೇಳುವುದು?

ನನ್ನದೇ ಕಥೆ ಹೇಳುತ್ತೇನೆ. 1993ರಲ್ಲಿ ನನಗೆ ಗಂಡು ನೋಡುತ್ತಿದ್ದರು. ಬಿ.ಎ. ಬಿ.ಎಡ್. ಆಗಿತ್ತು, ಕೆಲಸವೂ ಇತ್ತು. 'ಲಕ್ಷಣವಾಗಿದ್ದಾಳೆ, ಬಣ್ಣ ಸ್ವಲ್ಪ ಕಡಮೆ' ಎಂಬುದು ನನ್ನ ಹೆಸರಿನ ಜೊತೆಗೇ ಸಾಗುತ್ತಿದ್ದ ವಿಶೇಷಣ. ಆಗ ಕಂಪ್ಯೂಟರ್ ಎಲ್ಲಿತ್ತು? ಸ್ಟುಡಿಯೋದ ಒಳಗೆ ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬಿ. ಅಜ್ಜಿ ನನ್ನ ಮುಖಕ್ಕೆ ಎರಡು ಸಲ ಪೌಡರ್ ಹೊಡೆಸಿದರು. ಫೋಟೋ ತೆಗೆಯುವವರು ಮುಖದ ಮೇಲೆ ಒಂದು ದೀಪ ಹೆಚ್ಚಿಗೆ ಬಿಟ್ಟರು. ಫೋಟೋದಲ್ಲಿ ನಾನು ಹಾಲಿನಂಥ ಹುಡುಗಿ. ಫೋಟೋ ಮೆಚ್ಚಿ ಬಂದವರು ನಮ್ಮ ಪಡಸಾಲೆಯಲ್ಲಿ ಕೂತು, ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದು, ನನ್ನನ್ನೊಮ್ಮೆ ಫೋಟೋವನ್ನೊಮ್ಮೆ ನೋಡಿದರು. ಹುಡುಗನ ಅಕ್ಕ ಮೆಲ್ಲಗೆ, "ಇವರ ತಂಗಿಯ ಫೋಟೋವೇನೋ ಕಳಿಸಿದ್ದರು" ಎಂದಳು. ನನಗೆ ತಂಗಿ ಇಲ್ಲ. ಅವರು ಹೋದ ಮೇಲೆ ಅಮ್ಮ ಆ ಫೋಟೋಗಳನ್ನೆಲ್ಲ ಬಚ್ಚಲೊಲೆಗೆ ಹಾಕಿದಳು. ಆಮೇಲೆ ಬಂದ ಸಂಬಂಧಗಳಿಗೆ ಕಾಲೇಜಿನ ಗುರುತಿನ ಚೀಟಿಯ ಫೋಟೋವನ್ನೇ ಕೊಟ್ಟಳು. ಅದನ್ನು ನೋಡಿ ಬಂದವರನ್ನೇ ನಾನು ಮದುವೆಯಾದದ್ದು. ಅಂಥ ಅಮ್ಮನನ್ನು ನಾವು ಸತ್ತ ಮೇಲೆ ಬೆಳ್ಳಗೆ ಮಾಡಿ ನಿಲ್ಲಿಸಿದೆವು.

ಈ ಬಿಳಿಯ ಹುಚ್ಚು ಸ್ಟುಡಿಯೋ ಹುಡುಗರಿಂದ ಶುರುವಾದದ್ದಲ್ಲ. ಬಣ್ಣದ ಫಿಲ್ಮಿನ ಕಾಲದಲ್ಲಿ ಕೊಡಕ್ ಕಂಪನಿ ಪ್ರಿಂಟ್ ಮಾಡುವವರಿಗೆಲ್ಲ ಒಂದು ಮಾದರಿ ಕಾರ್ಡ್ ಕಳಿಸುತ್ತಿತ್ತು. ಅದರಲ್ಲಿ ಒಬ್ಬ ಬಿಳಿಯ ಹೆಂಗಸಿನ ಚಿತ್ರ. ಮೊದಲ ರೂಪದರ್ಶಿಯ ಹೆಸರಿನಿಂದ ಅದಕ್ಕೆ 'ಶರ್ಲಿ ಕಾರ್ಡ್' ಎಂದೇ ಹೆಸರು ಬಿತ್ತು. ಅವಳ ಮೈಬಣ್ಣ ಸರಿಯಾಗಿ ಬಂದರೆ ಯಂತ್ರ ಸರಿಯಿದೆ ಎಂದು ಅರ್ಥ. ಕಪ್ಪು ಜನರ ಮುಖ ಫೋಟೋದಲ್ಲಿ ಕಣ್ಣು, ಹಲ್ಲು ಬಿಟ್ಟು ಏನೂ ಕಾಣದ ಮಸಿಯಾಗಿ ಬರುತ್ತಿದ್ದರೂ ಬಹಳ ಕಾಲ ಅದನ್ನು ಯಾರೂ ದೋಷವೆನ್ನಲಿಲ್ಲ. ಕಂದು ಬಣ್ಣದ ಛಾಯೆಗಳು ಸರಿಯಾಗಿ ಬರುವುದಿಲ್ಲವೆಂದು ಕಂಪನಿಗೆ ಮೊದಲು ಮನದಟ್ಟು ಮಾಡಿಸಿದ್ದು ಮರದ ಪೀಠೋಪಕರಣ ಮತ್ತು ಚಾಕೊಲೇಟ್ ಮಾರುವವರ ದೂರುಗಳಂತೆ! ಹಲವು ಬಣ್ಣದ ಹೆಂಗಸರು ಒಟ್ಟಿಗೆ ಇರುವ ಕಾರ್ಡ್ ಬರಲು 1990ರ ದಶಕವೇ ಬೇಕಾಯಿತು. ನಮ್ಮ ದೇಶದಲ್ಲಂತೂ 1975ರಿಂದ ಮಾರಾಟವಾದ ಬಿಳುಪಿನ ಕ್ರೀಮು 2020ರಲ್ಲಿ ಹೆಸರಿನಿಂದ 'ಫೇರ್' ಎಂಬ ಮಾತನ್ನು ಕಿತ್ತುಹಾಕಿಕೊಂಡಿತು. ಹೆಸರು ಬದಲಾದದ್ದಷ್ಟೇ ನಮ್ಮ ಭಾಗ್ಯ. ಅದೇ ವರ್ಷ ಒಂದು ದೊಡ್ಡ ವಧೂವರರ ಜಾಲತಾಣವೂ ಜನರ ಒತ್ತಾಯಕ್ಕೆ ಮಣಿದು ಮೈಬಣ್ಣದಿಂದ ಸೋಸುವ ಅನುಕೂಲವನ್ನು ತೆಗೆದುಹಾಕಿತು.

ಹಾಗಾದರೆ ಈ ಕತ್ತರಿಸಿ ಅಂಟಿಸುವ ವಿದ್ಯೆಯೇ ಬೇಡವೇ ಎಂದು ನೀವು ಕೇಳಬಹುದು. ಬೇಡವೆಂದು ನಾನು ಹೇಳುವವಳಲ್ಲ. ಅದು ನಮ್ಮದೇ ವಿದ್ಯೆ. ಹಳೆಯ ಸೀರೆ, ರವಿಕೆ, ಲಂಗಗಳ ತುಂಡು ಸೇರಿಸಿ ಕೌದಿ ಹೊಲಿದವರು ನಾವು. ಯಾವ ತುಂಡು ಯಾರ ಸೀರೆಯದೆಂದು ಕೌದಿ ಹೊದ್ದವರಿಗೆಲ್ಲ ಗೊತ್ತಿರುತ್ತಿತ್ತು. ಇಂಗ್ಲೆಂಡಿನಲ್ಲಿ ರೈಲಾಂಡರ್ ಎಂಬುವನು 1857ರಲ್ಲೇ ಮೂವತ್ತಕ್ಕಿಂತ ಹೆಚ್ಚು ನೆಗೆಟಿವ್ ಸೇರಿಸಿ ಒಂದೇ ಚಿತ್ರ ಮಾಡಿದ, ಅದರ ಒಂದು ಪ್ರತಿಯನ್ನು ವಿಕ್ಟೋರಿಯಾ ರಾಣಿಯೇ ಕೊಂಡಳು. ಅವಳ ಕಾಲದ ದೊಡ್ಡ ಮನೆತನದ ಹೆಂಗಸರು ನೆಂಟರ ಫೋಟೋಗಳ ತಲೆ ಕತ್ತರಿಸಿ, ತಾವೇ ಬರೆದ ಬಾತುಕೋಳಿ, ಬೀಸಣಿಗೆಗಳ ಮೇಲೆ ಅಂಟಿಸಿ ಆಲ್ಬಮ್ ಮಾಡುತ್ತಿದ್ದರು. ಬರ್ಲಿನ್ನಿನ ಹನ್ನಾ ಹೋಖ್ 1919ರ ಸುಮಾರಿಗೆ ಪತ್ರಿಕೆಗಳ ಚಿತ್ರ ಕತ್ತರಿಸಿ ಒಂದು ದೊಡ್ಡ ಕೊಲಾಜ್ ಮಾಡಿ, ಅಡುಗೆಮನೆಯ ಚಾಕುವಿನಿಂದ ಕತ್ತರಿಸಿದ್ದು ಎಂದೇ ಅದರ ಹೆಸರು ಶುರುಮಾಡಿದಳು. ಮಂತ್ರಿಗಳ ತಲೆ, ಸೇನಾಪತಿಗಳ ಮೀಸೆ ಯಾವುದನ್ನೂ ಬಿಡಲಿಲ್ಲ. ಫೋಟೋಶಾಪ್ ಬಂದದ್ದು ಇವೆಲ್ಲ ಆದ ಎಷ್ಟೋ ಕಾಲಕ್ಕೆ. ಅಮೆರಿಕದ ನೋಲ್ ಎಂಬ ಅಣ್ಣತಮ್ಮಂದಿರು ಬರೆದ ಅದು ಮಾರುಕಟ್ಟೆಗೆ ಬಂದದ್ದು 1990ರಲ್ಲಿ. ನಾನು ಹೇಳಿದೆನಲ್ಲ, ಆ ಪದರಗಳು ಸೇರಿದ್ದು 1994ರಲ್ಲಿ.

ನಮ್ಮ ಆ ಕೊಲಾಜಿನಲ್ಲೂ ನನಗೆ ಪ್ರಾಣವಾದ ಒಂದು ಸಂಗತಿ ಇತ್ತು. ಅಪ್ಪ ಅಮ್ಮ ಜೊತೆಯಾಗಿ ನಿಂತ ಒಂದೇ ಒಂದು ಫೋಟೋ ನಮ್ಮ ಮನೆಯಲ್ಲಿರಲಿಲ್ಲ. ಅವರ ಮದುವೆಗೆ ಫೋಟೋದವರನ್ನು ಕರೆಸಿರಲಿಲ್ಲ. ಆಮೇಲೆ ಗಂಡನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವುದೆಂದರೆ ಅತ್ತೆಯ ಮುಂದೆ ನಾಚಿಕೆ. ಅಪ್ಪನದು ಸೊಸೈಟಿ ಸಾಲದ ಅರ್ಜಿಗೆ ತೆಗೆಸಿದ್ದ ಒಂದು ಪಾಸ್‌ಪೋರ್ಟ್ ಅಳತೆಯ ಫೋಟೋ. ಅಪ್ಪ ಹೋದದ್ದು 1998ರಲ್ಲಿ. ಮೂವತ್ತೆರಡು ವರ್ಷ ಸಂಸಾರ ಮಾಡಿದವರು ಮೊದಲ ಸಲ ಪಕ್ಕಪಕ್ಕ ನಿಂತದ್ದು ಸತ್ತ ಮೇಲೆ, ಆ ಹುಡುಗನ ಕಂಪ್ಯೂಟರಿನಲ್ಲಿ. ಇದೂ ಸುಳ್ಳೇ ಅಲ್ಲವೇ, ಬಿಳುಪಿಗೆ ಮಾತ್ರ ಯಾಕೆ ರೇಗುತ್ತೀಯ ಎಂದು ತಮ್ಮ ಕೇಳಿದ. ನಾನೂ ಎರಡು ರಾತ್ರಿ ಯೋಚಿಸಿದೆ. ಅವರಿಬ್ಬರೂ ಹಾಗೆ ನಿಂತಿರಲಿಲ್ಲವೆಂಬುದು ನಿಜ, ಆದರೆ ಜೊತೆಗಿದ್ದದ್ದು ನಿಜ. ಕೂಡಿಸಿದ್ದೆಂದು ಮನೆಯವರಿಗೆಲ್ಲ ಗೊತ್ತು, ಯಾರನ್ನೂ ಮೋಸಗೊಳಿಸುವುದಿಲ್ಲ. ಬೆಳ್ಳಗೆ ಮಾಡಿದ್ದು ಹಾಗಲ್ಲ. ಅದು ಇದ್ದವಳನ್ನು ಒರೆಸಿ, ಇವಳೇ ಅವಳು ಎಂದು ನಂಬಿಸಲು ನಿಂತದ್ದು. ತಿದ್ದಿದ ಕೈಗೂ ನಾಚಿಕೆಯಿಲ್ಲ, ನೋಡುವ ಕಣ್ಣಿಗೂ ಇಲ್ಲ. ಇದ್ದ ಬಣ್ಣಕ್ಕೆ ಮಾತ್ರ ನಾಚಿಕೆ.

ಒರೆಸುವುದರ ಮಾತು ಬಂತು. ನಮ್ಮ ಪರಿಚಯದವರ ಮನೆಯೊಂದರಲ್ಲಿ ಗೃಹಪ್ರವೇಶದ ಗುಂಪು ಫೋಟೋ ತೂಗುಹಾಕಿದ್ದಾರೆ. ಕಿರಿಯ ಸೊಸೆ ವಿಚ್ಛೇದನ ಪಡೆದು ಹೋದ ಮೇಲೆ ಅವಳಿದ್ದ ಜಾಗಕ್ಕೆ ಒಂದು ಹೂಕುಂಡ ಅಂಟಿಸಿದ್ದಾರೆ. ಕುಂಡ ಚೆನ್ನಾಗಿಯೇ ಕೂತಿದೆ. ಮುಂದೆ ನಿಂತ ಮಗುವಿನ ಹೆಗಲ ಮೇಲೆ ಮಾತ್ರ ಬಳೆ ತೊಟ್ಟ ಒಂದು ಕೈ ಹಾಗೇ ಉಳಿದುಬಿಟ್ಟಿದೆ. ಸ್ಟಾಲಿನ್ ತನ್ನ ಪೊಲೀಸ್ ಮುಖ್ಯಸ್ಥ ಯೆಜೋವನನ್ನು ಕೊಲ್ಲಿಸಿದ ಮೇಲೆ ಜೊತೆಗಿದ್ದ ಫೋಟೋದಿಂದಲೂ ಅಳಿಸಿ ಅಲ್ಲಿ ಕಾಲುವೆಯ ನೀರು ತುಂಬಿಸಿದ್ದನ್ನು ನಾವು ದೊಡ್ಡ ಕಣ್ಣು ಮಾಡಿ ಓದುತ್ತೇವೆ. ನಮ್ಮಲ್ಲಿ ಹೂಕುಂಡ ಸಾಕು. ಆ ಮನೆಗೆ ಹೋದಾಗಲೆಲ್ಲ ನಾನು ಆ ಕೈಯನ್ನೇ ನೋಡುತ್ತ ಕೂರುತ್ತೇನೆ, ಅವರು ಕೊಟ್ಟ ಕಾಫಿ ಆರುತ್ತದೆ.

ಶಾಲೆಯದೊಂದು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 2019ರಲ್ಲಿ ಎಸ್‌.ಎಸ್‌.ಎಲ್‌.ಸಿ.ಯಲ್ಲಿ ಚೆನ್ನಾಗಿ ಪಾಸಾದ ಮಕ್ಕಳ ಫೋಟೋ ಸೇರಿಸಿ ಶಾಲೆಯ ಮುಂದೆ ಫ್ಲೆಕ್ಸ್ ಕಟ್ಟಿಸಿದೆವು. ಮೊದಲು ಬಂದ ಹುಡುಗಿಯ ತಾಯಿ ಕೊಬ್ಬರಿ ಮಂಡಿಯಲ್ಲಿ ಕೂಲಿಗೆ ಹೋಗುವವಳು. ಮಗಳ ಫೋಟೋ ನೋಡಲು ಕೆಲಸ ಬಿಟ್ಟು ಬಂದಳು. ಬಂದು ಎರಡು ಸಲ ಹುಡುಕಿದಳು. ಹೆಸರು ಓದಲು ಬಾರದ ಆ ತಾಯಿಗೆ ಮಗಳ ಮುಖ ಸಿಗಲಿಲ್ಲ. ಹುಡುಗಿಯೇ ಬಂದು ತೋರಿಸಿದಳು. ತೋರಿಸಿ, ಆ ಫ್ಲೆಕ್ಸಿನ ಕೆನ್ನೆಯ ಪಕ್ಕ ತನ್ನ ಕೈ ಇಟ್ಟು ಒಮ್ಮೆ ನೋಡಿಕೊಂಡು ಸುಮ್ಮನೆ ಕೈ ಇಳಿಸಿದಳು. ನಾನು ಅಲ್ಲೇ ನಿಂತಿದ್ದೆ. ಏನೂ ಹೇಳಲಿಲ್ಲ. ಫ್ಲೆಕ್ಸಿನ ಪ್ರೂಫ್ ನೋಡಿ 'ಸರಿಯಾಗಿದೆ' ಎಂದವಳು ನಾನೇ. ಹೆಸರು, ಅಂಕಗಳಲ್ಲಿ ತಪ್ಪಿದೆಯೇ ಎಂದಷ್ಟೇ ನೋಡಿದ್ದೆ.

ಫ್ರಾನ್ಸಿನಲ್ಲಿ ರೂಪದರ್ಶಿಯ ಮೈಯನ್ನು ತೆಳ್ಳಗೆ, ದಪ್ಪಗೆ ತಿದ್ದಿದ ಜಾಹೀರಾತಿನ ಮೇಲೆ 'ತಿದ್ದಿದ ಫೋಟೋ' ಎಂದು ಬರೆಯಲೇಬೇಕೆಂಬ ಕಾನೂನು 2017ರಿಂದ ಇದೆ. ನಾರ್ವೆಯಲ್ಲಿ 2022ರಿಂದ ಚರ್ಮ ತಿದ್ದಿದರೂ ಹೇಳಬೇಕು. ನಮ್ಮ ಮನೆಯ ಗೋಡೆಗೆ ಯಾವ ಸರ್ಕಾರವೂ ಕಾನೂನು ಮಾಡಲಾರದು, ಮಾಡುವುದೂ ಬೇಡ. ಸ್ಟುಡಿಯೋದ ಬಾಗಿಲಲ್ಲಿ ನಿಂತು ಒಂದು ಮಾತು ಹೇಳುವುದು ನಮ್ಮ ಕೈಯಲ್ಲೇ ಇದೆ: "ಬಣ್ಣ ಮುಟ್ಟಬೇಡಿ." ಹೇಳಿ ನೋಡಿ, ಅವರು ಎರಡು ಸಲ ಕೇಳುತ್ತಾರೆ, ನಿಜವಾಗಿಯೂ ಹೇಳುತ್ತಿದ್ದೀರಾ ಎಂದು. ಜೊತೆಗೆ ತಿದ್ದದ ಮೂಲ ಫೈಲನ್ನು ಕೇಳಿ ಇಸಿದುಕೊಳ್ಳಿ. ದುಡ್ಡು ಕೊಟ್ಟವರು ನೀವು. ಇನ್ನೂ ಒಳ್ಳೆಯದೆಂದರೆ ಈ ಕೆಲಸವನ್ನು ನೀವೇ ಕಲಿಯುವುದು. ಗಿಂಪ್ ಎಂಬ ತಂತ್ರಾಂಶಕ್ಕೆ ಒಂದು ಪೈಸೆ ಕೊಡಬೇಕಾಗಿಲ್ಲ, 1996ರಿಂದ ಎಲ್ಲರಿಗೂ ಬಿಟ್ಟಿ ಸಿಗುತ್ತಿದೆ. ಪದರ, ಕಣ್ಣಿನ ಗುರುತು ಎಲ್ಲ ಅದರಲ್ಲೂ ಇವೆ. ರಂಗೋಲಿಯ ಚುಕ್ಕಿ ಲೆಕ್ಕ ತಪ್ಪದವರಿಗೆ ಪೆನ್ ಟೂಲ್ ಒಂದು ವಾರದ ಕೆಲಸ. ನಾನು ಐವತ್ತು ದಾಟಿದ ಮೇಲೆ ಕಲಿತೆ. ಮೊಬೈಲಿನಲ್ಲಿ ಬ್ಯೂಟಿ ಎಂದು ಬರೆದ ಗುಂಡಿಯಿದ್ದರೆ ಅದನ್ನು ಮೊದಲು ಆರಿಸಿಬಿಡಿ. ಅದು ಸ್ಟುಡಿಯೋದವರಿಗಿಂತ ಮುಂದೆ ಹೋಗಿದೆ, ಕೇಳದೆಯೇ ಸುಣ್ಣ ಬಳಿಯುತ್ತದೆ.

ಅಮ್ಮನ ಕೊಲಾಜನ್ನು ನಾನೂ ಆ ಹುಡುಗನೂ ಕೂತು ಎರಡು ಸಂಜೆ ಮತ್ತೆ ಮಾಡಿದೆವು. ಮೋಡ ತೆಗೆದು ತೋಟದ ಫೋಟೋವನ್ನೇ ಹಿಂದೆ ಇಟ್ಟೆವು. ಬೆಳ್ಳನೆಯ ಪದರವನ್ನು ಅಳಿಸುವಾಗ "ಮಿಸ್, ನೀವೇ ಒತ್ತಿ" ಎಂದ. ಒತ್ತಿದೆ. ಬೆಳಕು ಹೊಂದಿಸಲು ಈ ಸಲ ಅಪ್ಪನನ್ನು ತಿರುಗಿಸಿದೆವು. ಎಡಕ್ಕಿದ್ದ ಕ್ರಾಪಿನ ಗೆರೆ ಬಲಕ್ಕೆ ಬಂತು, ಅಷ್ಟೆ. ಅಪ್ಪ ಇದ್ದಿದ್ದರೂ ಬೇಡವೆನ್ನುತ್ತಿರಲಿಲ್ಲ ಎಂದುಕೊಂಡಿದ್ದೇನೆ.

ಅದು ಈಗ ನಮ್ಮ ಮನೆಯ ಹಾಲಿನಲ್ಲಿದೆ. ತಮ್ಮ ಬಂದು ಬಹಳ ಹೊತ್ತು ನೋಡಿ, "ಅಕ್ಕ, ಅಮ್ಮ ಸ್ವಲ್ಪ ಕಪ್ಪಗೆ ಕಾಣ್ತಾಳೆ, ಅಲ್ವಾ?" ಎಂದ. "ಇದ್ದಳಲ್ಲೋ" ಎಂದೆ. ಅವನ ಮಗಳು ಸೋಫಾ ಹತ್ತಿ ಗಾಜಿನ ಮೇಲೆ ಗೀರಿನ ಜಾಗಕ್ಕೆ ಬೆರಳಿಟ್ಟು, ಕರಟ ಸಿಡಿದ ಕಥೆಯನ್ನು ನನಗೇ ಹೇಳಿದಳು. ಅಜ್ಜಿ ಹೇಳಿದ್ದಂತೆ. ಅವರ ಮನೆಯಲ್ಲಿ ಮಾತ್ರ ಬೆಳ್ಳನೆಯ ಅಮ್ಮ ಹಾಗೇ ಇದ್ದಾಳೆ. ನೆಂಟರೆಲ್ಲ ಹೊಗಳಿದ್ದು, ಕಟ್ಟಿಗೆ ದುಡ್ಡು ಕೊಟ್ಟಿದ್ದು, ಇಳಿಸುವುದು ಹೇಗೆ ಎನ್ನುತ್ತಾನೆ. ಮುಂದಿನ ಪುಣ್ಯತಿಥಿಯಲ್ಲಿ ಯಾವ ಫೋಟೋಗೆ ಹಾರ ಹಾಕುವುದೆಂದು ನಮ್ಮಿಬ್ಬರಲ್ಲಿ ಇನ್ನೂ ತೀರ್ಮಾನವಾಗಿಲ್ಲ.